ಹಳದಿ ಹಾಯಿ ಬಂದರೆ ಡಬ್ಬಿ ತೆಗೆಯಿರಿ

ಗಾಳಿಯನ್ನು ನಂಬಿ ಮನೆ ಬಿಟ್ಟವನಿಗೆ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಏನೂ ಆಗದೆ ನಾವು ದಡ ಸೇರಿದ ಭಾನುವಾರ ಒಂದಾದರೂ ಇತ್ತೇ ಅಂತ ಆಗಾಗ ಯೋಚನೆ ಮಾಡುತ್ತೇನೆ, ನೆನಪಿಗೆ ಬರುವುದಿಲ್ಲ.

ಇದೆಲ್ಲ ನಡೆದದ್ದು ತೊಂಬತ್ತರ ದಶಕದ ಕೊನೆಯಿಂದ ಆಚೆಗಿನ ಕೆಲವು ವರ್ಷಗಳಲ್ಲಿ, ಮದರಾಸು ಬಂದರಿನ ಒಂದು ಮೂಲೆಯಲ್ಲಿದ್ದ ಸಣ್ಣ ಹಾಯಿದೋಣಿ ಕ್ಲಬ್ಬಿನಲ್ಲಿ. ಊರಿನ ಹೆಸರು ಆಗಲೇ ಚೆನ್ನೈ ಆಗಿತ್ತು, ನಮ್ಮ ಬಾಯಲ್ಲಿ ಮಾತ್ರ ಮದರಾಸೇ ಉಳಿದಿತ್ತು. ಕ್ಲಬ್ಬಿನಲ್ಲಿ ಹತ್ತು ಹನ್ನೆರಡು ದೋಣಿ, ಒಂದೊಂದರಲ್ಲಿ ಇಬ್ಬರು. ಭಾನುವಾರ ಬೆಳಿಗ್ಗೆ ನೀರಿನ ಮೇಲೆ ತೇಲುವ ಮೂರು ಕಿತ್ತಳೆ ಬಣ್ಣದ ಬೋಯ್‌ಗಳನ್ನು ಎರಡು ಸುತ್ತು ಹಾಕಿ ಬರಬೇಕು. ಮೊದಲು ಬಂದವರು ಗೆದ್ದರು. ಇಂಜಿನ್ ಇಲ್ಲ, ಹುಟ್ಟು ಹಾಕುವ ಹಾಗಿಲ್ಲ, ಗಾಳಿ ಕೊಟ್ಟಷ್ಟೇ ಪ್ರಸಾದ.

ನಮ್ಮ ದೋಣಿಯ ಚುಕ್ಕಾಣಿ ಹೋಟೆಲ್ ರಾಯರ ಕೈಯಲ್ಲಿ. ಅವರು ಉಡುಪಿ ಕಡೆಯವರು. ಮುಂದಿನ ಸಣ್ಣ ಹಾಯಿಯ ಹಗ್ಗ ನನ್ನ ಕೈಯಲ್ಲಿ. ನಾನು ಮೈಸೂರಿನವನು. ದೋಣಿಯನ್ನು ಊರು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಇಬ್ಬರೂ ಸೇರಿ ಕೊಂಡಿದ್ದೆವು. ಮಿಕ್ಕವರದ್ದೆಲ್ಲ ಬಿಳಿ ಹಾಯಿ, ನಮ್ಮದೊಂದೇ ಹಳದಿ, ಅದೂ ಒಗೆದೊಗೆದು ಮಾಸಿದ ಅರಿಶಿನದ ಹಳದಿ. ಎಲ್ಲಿದ್ದರೂ ಕಾಣುತ್ತಿತ್ತು. ಸಾಮಾನ್ಯವಾಗಿ ಹಿಂದುಗಡೆ ಕಾಣುತ್ತಿತ್ತು.

ರಾಯರಿಗೆ ಇದ್ದದ್ದು ಒಂದೇ ಆಸೆ. ಒಂದು ಸಲ ಮೊದಲು ಬರಬೇಕು, ಅಷ್ಟೆ. ತಿಂಗಳ ಕೊನೆಯ ಭಾನುವಾರ ಗೆದ್ದವರಿಗೆ ಕ್ಲಬ್ಬಿನವರು ಒಂದು ಪುಟ್ಟ ಕಪ್ ಕೊಡುತ್ತಿದ್ದರು, ಕಾಫಿ ಲೋಟಕ್ಕಿಂತ ತುಸು ಎತ್ತರ. ಅದಕ್ಕಾಗಿ ರಾಯರು ತಮ್ಮ ಹೋಟೆಲಿನ ಗಲ್ಲಾದ ಹಿಂದೆ, ಕೃಷ್ಣನ ಪಟದ ಪಕ್ಕದಲ್ಲಿ, ಹಲಗೆಯ ಮೇಲೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದರು. ಒಮ್ಮೆ ಸಪ್ಲೈಯರ್ ಒಬ್ಬ ಗೊತ್ತಿಲ್ಲದೆ ಅಲ್ಲಿ ಉಪ್ಪಿನಕಾಯಿ ಬಾಟಲಿ ಇಟ್ಟ. ಯಾರಿಗೂ ಗದರದ ರಾಯರು ಅವತ್ತು ಗದರಿದರು.

ಸಮುದ್ರ ನೋಡದ ಸಮುದ್ರ ವಿಮೆ

ನಾನು ವಿಮಾ ಆಫೀಸಿನಲ್ಲಿದ್ದೆ. ಹಡಗು, ಹಡಗಿನ ಸರಕು, ಇವುಗಳ ವಿಮೆ ನನ್ನ ಟೇಬಲ್ಲಿಗೆ ಬರುತ್ತಿತ್ತು. ಮೈಸೂರಿನಿಂದ ವರ್ಗವಾಗಿ ಬಂದ ಹೊಸದು. ನಾನು ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರು ಅಂದರೆ ಕುಕ್ಕರಹಳ್ಳಿ ಕೆರೆ. ಬಿರುಗಾಳಿಗೆ ಸಿಕ್ಕಿದ ಹಡಗಿನ ಕ್ಲೇಮನ್ನು ಫ್ಯಾನಿನ ಕೆಳಗೆ ಕೂತು ಪಾಸು ಮಾಡುತ್ತಿದ್ದೆ.

ಸೌಕಾರ್‌ಪೇಟೆಯ ಅಂಚಿನಲ್ಲಿದ್ದ ರಾಯರ ಹೋಟೆಲಿನಲ್ಲಿ ನನ್ನ ದಿನದ ಟಿಫನ್. ಆಫೀಸಿಗೆ ಬರುತ್ತಿದ್ದ ಒಬ್ಬ ರಿಟೈರ್ಡ್ ಹಡಗಿನ ಕ್ಯಾಪ್ಟನ್ನೂ ಅಲ್ಲಿಗೇ ಬರುತ್ತಿದ್ದರು. ತಮಿಳರು, ಗಟ್ಟಿ ದನಿ, ಹಾಯಿದೋಣಿ ಕ್ಲಬ್ಬಿನಲ್ಲಿ ಪಂದ್ಯ ನಡೆಸುವ ಕಮಿಟಿಗೆ ಅವರೇ ಯಜಮಾನರು. ಒಂದು ದಿನ ದೋಸೆ ಮುರಿಯುತ್ತಾ, ‘ಸಮುದ್ರಕ್ಕೆ ವಿಮೆ ಮಾಡ್ತೀರಿ, ಒಂದು ದಿನ ಬಂದು ಅದರ ಮುಖ ನೋಡಬಾರದಾ’ ಅಂತ ನನ್ನನ್ನು ಕೇಳಿದರು.

ಗಲ್ಲಾದಲ್ಲಿದ್ದ ರಾಯರು ತಲೆಯೆತ್ತಿ, ‘ನಾನೂ ಬರ್ಲಿಕ್ಕೆ ಆಗ್ತದಾ ಕ್ಯಾಪ್ಟನ್? ನಾನು ಸಮುದ್ರದ ಬದಿಯಲ್ಲೇ ಹುಟ್ಟಿದ್ದು’ ಅಂದರು.

ಇಬ್ಬರೂ ಹೋದೆವು. ಕ್ಲಬ್ಬಿನ ನಿಯಮದ ಪ್ರಕಾರ ಹೊಸಬರು ದೋಣಿಯನ್ನು ಬೇಕಂತಲೇ ಮಗುಚಿ ಮತ್ತೆ ಎಬ್ಬಿಸಿ ತೋರಿಸಬೇಕು. ಮಗುಚುವುದು ನಮಗೆ ಸಲೀಸಾಗಿ ಬಂತು. ಎಬ್ಬಿಸುವುದಕ್ಕೆ ಹೋಗಿ ಇಬ್ಬರೂ ಒಂದೇ ಬದಿಗೆ ಜೋತುಬಿದ್ದೆವು, ದೋಣಿ ನಮ್ಮ ಮೇಲೇ ಬಂತು. ಮೂರು ಸಲ ಹಾಗೇ ಆಯಿತು. ನಾನು ಉಪ್ಪುನೀರು ಕುಡಿದು ಕೆಮ್ಮುತ್ತಾ, ‘ರಾಯರೇ, ನೀವು ಸಮುದ್ರದ ಬದಿಯಲ್ಲಿ ಹುಟ್ಟಿದವರಲ್ಲವಾ, ಏನಾದರೂ ಮಾಡಿ’ ಅಂದೆ.

‘ಹುಟ್ಟಿದ್ದು ಬದಿಯಲ್ಲಿ ಮಾರಾಯ್ರೆ, ಒಳಗಲ್ಲ’ ಅಂದರು ರಾಯರು.

ತೆರೆದ ಬಾಗಿಲು

ರಾಯರ ಮರೆವಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ಮನೆಯಿಂದ ಹೊರಟ ಮನುಷ್ಯ ಒಂದೇ ಸಲಕ್ಕೆ ಹೊರಟದ್ದು ನಾನು ಕಾಣೆ. ಭಾನುವಾರ ಬೆಳಿಗ್ಗೆ ನನ್ನ ಹಳೇ ಮಾರುತಿ ಕಾರಿನಲ್ಲಿ ಅವರ ಮನೆ ಮುಂದೆ ನಿಲ್ಲುತ್ತಿದ್ದೆ. ರಾಯರು ಮೆಟ್ಟಿಲಿಳಿದು, ಕಾರಿನಲ್ಲಿ ಕೂತು, ಬೀದಿಯ ಕೊನೆಯ ತಿರುವಿನವರೆಗೆ ಬಂದು ಜೇಬು ಮುಟ್ಟಿಕೊಳ್ಳುತ್ತಿದ್ದರು. ‘ಒಂದು ನಿಮಿಷ ಮಾರಾಯ್ರೆ, ಕನ್ನಡಕ.’ ಕನ್ನಡಕ ಇದ್ದರೆ ಬಂದರಿನ ಗೇಟ್ ಪಾಸು. ಪಾಸು ಇದ್ದರೆ ಹೋಟೆಲಿನ ಬೀಗದ ಕೈ. ನಾನು ಕಾರು ತಿರುಗಿಸಬೇಕು.

ತಿರುಗಿ ಹೋದರೆ ಅವರ ಮನೆಯಾಕೆ ಮರೆತ ಸಾಮಾನನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಮಾತು ಕಡಿಮೆ, ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಒಂದು ಸಲ ತಡೆಯಲಾರದೆ ಕೇಳಿದೆ, ‘ಅಕ್ಕ, ನಾವು ವಾಪಸ್ ಬರುತ್ತೇವೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’

‘ಇವರು ಒಂದು ಸಲ ಹೋದದ್ದನ್ನು ನಾನು ಲೆಕ್ಕಕ್ಕೇ ಹಿಡಿಯುದಿಲ್ಲ. ಎರಡನೇ ಸಲ ಹೋದ ಮೇಲೆ ಬಾಗಿಲು ಹಾಕುದು’ ಅಂದರು.

ಡಬ್ಬಿಯ ಶಾಸ್ತ್ರ

ಪಂದ್ಯ ಶುರು ಮಾಡುವುದು, ಮುಗಿಸುವುದು ಎರಡೂ ಕಮಿಟಿ ದೋಣಿಯಿಂದ. ಅದು ಲಂಗರು ಹಾಕಿ ಒಂದೇ ಕಡೆ ನಿಂತಿರುತ್ತದೆ. ಅದಕ್ಕೂ ಒಂದು ಬೋಯ್‌ಗೂ ನಡುವೆ ಇರುವುದೇ ಕೊನೆಯ ಗೆರೆ. ಗೆರೆ ದಾಟಿದವರಿಗೆ ಕ್ಯಾಪ್ಟನ್ ಹಾರ್ನ್ ಒತ್ತುತ್ತಾರೆ. ಹಾರ್ನ್ ಬಂತೋ ಮುಗಿಯಿತು, ಬರಲಿಲ್ಲವೋ ಇನ್ನೂ ಮುಗಿದಿಲ್ಲ. ಇಷ್ಟೇ ಕಾನೂನು.

ರಾಯರು ನೋಡಿದರು, ಕ್ಯಾಪ್ಟನ್ನೂ ಅವರ ಇಬ್ಬರು ಜೊತೆಗಾರರೂ ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಒಂದು ಬಾಟಲಿ ನೀರಿಟ್ಟುಕೊಂಡು ಒಣಗುತ್ತಿದ್ದಾರೆ. ಮುಂದಿನ ವಾರದಿಂದ ಹೋಟೆಲಿನ ದೊಡ್ಡ ಟಿಫನ್ ಡಬ್ಬಿ ಕಮಿಟಿ ದೋಣಿ ಹತ್ತಿತು. ಇಡ್ಲಿ, ವಡೆ, ಒಂದು ಅಂತಸ್ತಿನ ತುಂಬ ಸಾಂಬಾರು. ‘ಯಾಕೆ ಈ ಉಸಾಬರಿ ರಾಯರೇ’ ಅಂದದ್ದಕ್ಕೆ, ‘ಹಸಿದವನ ಕಣ್ಣಿಗೆ ಗೆರೆ ಕಾಣುದಿಲ್ಲ ಮಾರಾಯ್ರೆ, ನಾಳೆ ನಾವು ಮೊದಲು ಬಂದಾಗ ಅವರಿಗೆ ಸರಿಯಾಗಿ ಕಾಣ್ಬೇಕಲ್ಲ’ ಅಂದರು.

ಡಬ್ಬಿಯನ್ನು ಯಾವಾಗ ತೆಗೆಯುವುದು ಅನ್ನುವುದು ಮೊದಮೊದಲು ಗೊಂದಲವಾಯಿತು. ಪಂದ್ಯ ನಡೆಯುವಾಗ ತಿನ್ನುವುದು ಸರಿಯಲ್ಲ ಅಂತ ಕ್ಯಾಪ್ಟನ್ ಕಟ್ಟುನಿಟ್ಟು. ಎಲ್ಲರೂ ಬಂದ ಮೇಲೆಯೇ ತೆಗೆಯಬೇಕು. ಎಲ್ಲರೂ ಬಂದರು ಅಂತ ತಿಳಿಯುವುದು ಹೇಗೆ? ಅದೇನೂ ಕಷ್ಟವಿರಲಿಲ್ಲ. ಹಳದಿ ಹಾಯಿ ಬಂತು ಅಂದರೆ ಹಿಂದೆ ಇನ್ಯಾರೂ ಇಲ್ಲ. ಹೀಗೆ, ಹಳದಿ ಬಂದರೆ ಡಬ್ಬಿ ತೆಗೆ ಅನ್ನುವುದು ಪದ್ಧತಿಯಾಯಿತು. ವಾರ ವಾರ ನಡೆದು ಶಾಸ್ತ್ರವೇ ಆಗಿಹೋಯಿತು.

ಗೆದ್ದು ಬಂದವರಿಗೆ ಕ್ಯಾಪ್ಟನ್ ಒಂದು ಹಾರ್ನ್ ಒತ್ತಿ ಸುಮ್ಮನಾಗುತ್ತಿದ್ದರು. ನಾವು ದೂರದಲ್ಲಿ ಕಂಡರೆ ಸಾಕು, ಮೂವರೂ ಎದ್ದು ನಿಂತು ಕೈ ಬೀಸುತ್ತಿದ್ದರು. ಹೆಚ್ಚುಕಡಿಮೆ ಪ್ರತಿ ವಾರವೂ ಗೆಲ್ಲುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಇದ್ದರು. ಅವರು ಒಂದು ದಿನ ಬೇಜಾರಿನಿಂದಲೇ ಅಂದರು, ‘ಇಷ್ಟು ವರ್ಷ ಗೆದ್ದೆ, ನಿಮಗೆ ಆಗುವ ಸ್ವಾಗತ ನನಗೆ ಒಂದು ದಿನವೂ ಆಗಲಿಲ್ಲ.’

ಜಾಗ ಉಂಟು, ಬನ್ನಿ

ಪಂದ್ಯ ಶುರುವಾಗುವ ಹೊತ್ತು ಅಂದರೆ ಜಗಳದ ಹೊತ್ತು. ಹತ್ತು ಹನ್ನೆರಡು ದೋಣಿಯೂ ಗೆರೆಯ ಹತ್ತಿರ ಒಂದರ ಮೈಮೇಲೆ ಒಂದು ಬೀಳುವ ಹಾಗೆ ಸುಳಿಯುತ್ತಿರುತ್ತವೆ. ದಾರಿಯ ಹಕ್ಕು ಯಾರದು ಅಂತ ಕಾನೂನಿದೆ. ಹಕ್ಕಿದ್ದವರು ಕಿರುಚಬೇಕು, ಇಲ್ಲದವರು ಸರಿಯಬೇಕು. ವಾರವೆಲ್ಲ ಕೋಟು ಹಾಕಿಕೊಂಡು ಮೆತ್ತಗೆ ಮಾತಾಡುವ ಜನ ಅಲ್ಲಿ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು.

ನಮಗೆ ಹಕ್ಕಿದ್ದಾಗಲೂ ರಾಯರು ಕಿರುಚುತ್ತಿರಲಿಲ್ಲ. ಮಧ್ಯಾಹ್ನದ ರಶ್ಶಿನಲ್ಲಿ ಊಟದ ಟೇಬಲ್ಲುಗಳ ನಡುವೆ ನಿಂತು ಅಭ್ಯಾಸವಾದ ಮನುಷ್ಯ. ಎದುರಿಗೆ ದೋಣಿ ನುಗ್ಗಿ ಬಂದರೆ ಚುಕ್ಕಾಣಿಯನ್ನು ಒಂದಿಷ್ಟು ಆಚೆ ತಳ್ಳಿ, ‘ಬನ್ನಿ ಬನ್ನಿ, ಜಾಗ ಉಂಟು’ ಅನ್ನುತ್ತಿದ್ದರು. ಒಂದು ಬಂತು, ಎರಡು ಬಂತು, ಎಲ್ಲವೂ ಬಂದವು. ಎಲ್ಲರನ್ನೂ ಕೂರಿಸಿ ಮುಗಿಯುವಷ್ಟರಲ್ಲಿ ಹಾರ್ನ್ ಆಗಿ, ಎಲ್ಲರೂ ಎದ್ದು ಹೋಗಿ, ಗೆರೆಯ ಹಿಂದೆ ನಾವಿಬ್ಬರೇ ಉಳಿಯುತ್ತಿದ್ದೆವು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ರಾಯರೇ, ಗೆಲ್ಲಬೇಕು ಅನ್ನುವವರು ಹೀಗೆ ಮಾಡ್ತಾರಾ?’ ಅಂದೆ ಒಂದು ದಿನ.

‘ಗೆಲ್ಬೇಕು ಹೌದು’ ಅಂದರು. ‘ಆದ್ರೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುದು ಹೇಗೆ ಮಾರಾಯ್ರೆ?’

ಸೋಮವಾರದ ಕ್ಲೇಮು

ಒಂದು ಭಾನುವಾರ ನಡುಬಂದರಿನಲ್ಲಿ ಗಾಳಿ ಸತ್ತೇ ಹೋಯಿತು. ಹಾಯಿ ಒಣಗಹಾಕಿದ ಪಂಚೆಯ ಹಾಗೆ ಇಳಿಬಿದ್ದಿತು. ಅತ್ತಲಿಂದ ಒಂದು ಸರಕು ಹಡಗು ಒಳಗೆ ಬರುತ್ತಿತ್ತು, ನಾವು ಸರಿಯಾಗಿ ಅದರ ದಾರಿಯಲ್ಲಿದ್ದೆವು. ಹಡಗಿನವರು ಒಂದು ಸಲ ಸೈರನ್ ಕೂಗಿಸಿದರು. ನಿಲ್ಲಿಸಿದೆವು ಅಂದರೂ ನಿಲ್ಲದ ವಸ್ತು ಅದು.

ಕತ್ತೆತ್ತಿ ಹಡಗಿನ ಹೆಸರು ಓದಿದೆ. ‘ರಾಯರೇ, ಇದರ ವಿಮೆ ನಮ್ಮ ಆಫೀಸಿನದೇ. ನಮಗೆ ಗುದ್ದಿದರೆ ಕ್ಲೇಮು ನನ್ನ ಟೇಬಲ್ಲಿಗೇ ಬರುತ್ತೆ.’

ರಾಯರು ಇಷ್ಟಗಲ ಮುಖ ಮಾಡಿದರು. ‘ಹಾಗಾದ್ರೆ ಒಳ್ಳೇದಾಯ್ತಲ್ಲ, ಬೇಗ ಪಾಸಾಗ್ತದೆ.’

‘ಹೇಗೆ ಪಾಸಾಗುತ್ತೆ? ಸೋಮವಾರ ಆ ಕುರ್ಚಿಯಲ್ಲಿ ನಾನು ಇರಬೇಕಲ್ಲ’ ಅಂದೆ. ಅಷ್ಟರಲ್ಲಿ ಕ್ಲಬ್ಬಿನ ಇಂಜಿನ್ ದೋಣಿ ಬಂದು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡು ಹೋಯಿತು. ಎಳೆಸಿಕೊಂಡವರು ಪಂದ್ಯದಿಂದ ಹೊರಗೆ. ಜೀವ ಉಳಿಯಿತು ಅಂತ ನಾನು ದೇವರಿಗೆ ಕೈ ಮುಗಿಯುತ್ತಿದ್ದರೆ ರಾಯರು ಹಿಂದೆ ತಿರುಗಿ ನೋಡುತ್ತಾ, ‘ಅಲ್ಲ ಮಾರಾಯ್ರೆ, ಅಷ್ಟು ಹೊತ್ತಿಗೆ ನಾವು ಆರನೇ ಜಾಗದಲ್ಲಿದ್ದೆವು’ ಅಂತ ಸಂಕಟಪಟ್ಟರು.

ಪ್ರಾಯಶ್ಚಿತ್ತ

ಬೋಯ್‌ಗಳನ್ನು ಎಡಗಡೆಗೆ ಬಿಟ್ಟುಕೊಂಡು ಸುತ್ತಬೇಕು ಅನ್ನುವುದು ನಮ್ಮಲ್ಲಿಯ ನಿಯಮ. ಮೊದಲ ದಿನ ಇದನ್ನು ಕೇಳಿ ರಾಯರ ಮುಖ ಬಾಡಿತು. ‘ಅದು ಅಪ್ರದಕ್ಷಿಣೆ ಆಗ್ತದಲ್ಲ ಕ್ಯಾಪ್ಟನ್. ನಮ್ಮಲ್ಲಿ ಅಪರಕ್ರಿಯೆಗೆ ಮಾತ್ರ ಹಾಗೆ ಸುತ್ತುದು.’ ಇದು ದೇವಸ್ಥಾನ ಅಲ್ಲ, ಸ್ಪೋರ್ಟ್ಸು ಅಂತ ಕ್ಯಾಪ್ಟನ್ ಸಮಾಧಾನ ಹೇಳಿದರು. ರಾಯರು ಒಪ್ಪಿದರು. ಆದರೆ ಪ್ರತಿ ಬೋಯ್ ಸುತ್ತುವಾಗಲೂ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

ಇನ್ನೊಂದು ನಿಯಮ. ದೋಣಿ ಬೋಯ್‌ಗೆ ತಗುಲಿದರೆ ತಪ್ಪು. ಯಾರೂ ನೋಡದಿದ್ದರೂ ನೀವೇ ಒಪ್ಪಿಕೊಂಡು, ದೋಣಿಯನ್ನು ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ ಮುಂದೆ ಹೋಗಬೇಕು. ಒಂದು ದಿನ, ಯಾವ ಪುಣ್ಯವೋ, ನಾವು ಮೂರನೆಯವರಾಗಿ ಹೋಗುತ್ತಿದ್ದೆವು. ಕೊನೆಯ ಬೋಯ್ ತಿರುಗುವಾಗ ಹಿಂಭಾಗ ಒಂಚೂರು ತಗುಲಿತು. ಹಿಂದಿನವರು ಸಾಕಷ್ಟು ದೂರವಿದ್ದರು. ಒಂದು ಸುತ್ತು ಹಾಕಿದರೂ ಮೂರನೇ ಜಾಗ ಎಲ್ಲಿಗೂ ಹೋಗುತ್ತಿರಲಿಲ್ಲ.

ರಾಯರು ಸುತ್ತು ಹಾಕಿದರು, ಬಲಕ್ಕೆ. ಮುಗಿಯಿತು ಅಂತ ನಾನು ಹಗ್ಗ ಎಳೆದೆ. ದೋಣಿ ಮತ್ತೆ ಬಲಕ್ಕೆ ತಿರುಗಿತು. ‘ರಾಯರೇ, ಆಯ್ತು, ಒಂದೇ ಸಾಕು.’

‘ಒಂದು ಗಣಪತಿಗೆ ಮಾತ್ರ ಮಾರಾಯ್ರೆ. ಸಮುದ್ರಕ್ಕೆ ಮೂರಾದ್ರೂ ಬೇಡವಾ? ಇಷ್ಟು ದಿನ ಉಲ್ಟಾ ಸುತ್ತಿದ್ದಕ್ಕೂ ಸೇರಿಸಿ ಹಾಕಿಬಿಡ್ತೇನೆ.’

ಮೂರನೇ ಸುತ್ತಿನಲ್ಲಿ ನಮ್ಮ ದೋಣಿ ಗಾಳಿಗೆ ಎದುರಾಗಿ ನಿಂತೇಬಿಟ್ಟಿತು. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು. ನಾವು ಗೆರೆ ಮುಟ್ಟುವಾಗ ಡಬ್ಬಿ ಬಿಚ್ಚಿ ಬಡಿಸಿ ಆಗಿತ್ತು. ದಡದಲ್ಲಿ ಹಲ್ಲಿನ ಡಾಕ್ಟರು ಬಂದು, ಅಷ್ಟು ಸಲ ಯಾಕೆ ತಿರುಗಿದಿರಿ, ಚುಕ್ಕಾಣಿ ಕೆಟ್ಟಿತಾ ಅಂತ ವಿಚಾರಿಸಿದರು. ನಾನು ಬಾಯಿ ಬಿಡುವ ಮೊದಲೇ ರಾಯರು, ‘ಚುಕ್ಕಾಣಿ ಸರಿ ಉಂಟು ಡಾಕ್ಟ್ರೇ, ಹಳೇ ಬಾಕಿ ಇತ್ತು’ ಅಂದರು.

ಕೊಯಮತ್ತೂರಿನಲ್ಲಿ ಸಮುದ್ರ ಇಲ್ಲ

ಆಮೇಲೆ ಒಂದು ದಿನ ಹೋಟೆಲಿಗೆ ಹೋದಾಗ ರಾಯರು ತಾವೇ ಕಾಫಿ ತಂದು ನನ್ನೆದುರು ಕೂತರು. ಗಲ್ಲಾ ಬಿಟ್ಟು ಕೂರುವವರಲ್ಲ ಅವರು. ಕಟ್ಟಡದ ಯಜಮಾನರು ಹಳೇ ಕಟ್ಟಡ ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ಹೋಟೆಲು ಬಿಡಬೇಕು. ಕೊಯಮತ್ತೂರಿನಲ್ಲಿ ಅಣ್ಣನ ಹೋಟೆಲಿದೆ, ಇಬ್ಬರೂ ಸೇರಿ ನಡೆಸೋಣ ಅಂತ ಅಣ್ಣ ಕರೆಯುತ್ತಿದ್ದಾನೆ. ಇಷ್ಟು ಹೇಳಿ ಕಾಫಿ ಲೋಟ ನನ್ನ ಕಡೆ ತಳ್ಳಿದರು.

‘ಒಳ್ಳೇದೇ ಆಯ್ತಲ್ಲ ರಾಯರೇ. ಒಳ್ಳೇ ಊರು, ಒಳ್ಳೇ ನೀರು’ ಅಂದೆ, ಏನಾದರೂ ಹೇಳಬೇಕಲ್ಲ ಅಂತ.

‘ನೀರು ಕುಡಿಲಿಕ್ಕೆ ಉಂಟು’ ಅಂದರು. ಕಣ್ಣು ಕೃಷ್ಣನ ಪಟದ ಪಕ್ಕದ ಖಾಲಿ ಜಾಗದ ಕಡೆ ಹೋಗಿ ಬಂತು. ‘ಈ ತಿಂಗಳ ಕೊನೆಯ ಭಾನುವಾರ ಒಂದು ಉಂಟಲ್ಲ?’

ಇತ್ತು. ಅದೇ ನಮ್ಮ ಕೊನೆಯ ಪಂದ್ಯ. ಇಷ್ಟು ವರ್ಷ ಒಮ್ಮೆಯೂ ಬಂದರಿನ ಕಡೆ ತಲೆ ಹಾಕದಿದ್ದ ಅಕ್ಕ, ಕೊನೆಯದಾದರೂ ನೋಡುತ್ತೇನೆ ಅಂತ ಹೊರಟರು. ಡಬ್ಬಿಯೂ ಅವತ್ತು ಹೋಟೆಲಿನದಲ್ಲ. ಕ್ಯಾಪ್ಟನ್‌ಗೆ ಇದು ಕಡೆಯ ಉಪಚಾರ ಅಂತ ಅಕ್ಕ ಬೆಳಗಿನ ಜಾವ ಎದ್ದು ತಾವೇ ಗೋಳಿಬಜೆ ಕರಿದು, ಕಾಯಿ ಚಟ್ನಿ ಅರೆದು ತುಂಬಿಸಿದ್ದರು. ಕಾರಿನ ತುಂಬ ಅದರ ಪರಿಮಳ. ಬೀದಿಯ ತಿರುವು ಬಂತು, ರಾಯರು ಜೇಬು ಮುಟ್ಟಿಕೊಳ್ಳಲಿಲ್ಲ. ಹೆಂಡತಿ ಜೊತೆಯಲ್ಲಿದ್ದದ್ದಕ್ಕೋ ಏನೋ, ಎಲ್ಲ ಇದೆ ಅನ್ನುವ ಧೈರ್ಯ. ಬಂದರಿಗೆ ಹೋಗಿ ದೋಣಿ ನೀರಿಗಿಳಿಸಿದ ಮೇಲೆ ಗೊತ್ತಾಯಿತು, ಕನ್ನಡಕ ಮನೆಯಲ್ಲಿದೆ. ಬಾಗಿಲಲ್ಲಿ ನಿಂತು ಕೊಡಬೇಕಾದವರು ದಡದ ದಕ್ಕೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಕನ್ನಡಕವಿಲ್ಲದ ರಾಯರಿಗೆ ದೂರದ್ದು ಏನೂ ಕಾಣದು. ನಾನು ‘ಎಡಕ್ಕೆ, ಬಲಕ್ಕೆ’ ಅಂತ ಹೇಳುತ್ತಾ ಹೋದೆ. ಮೊದಲ ಸುತ್ತು ಮುಗಿಸುವಾಗ ನಾವು ಎಷ್ಟು ಹಿಂದಿದ್ದೆವೆಂದರೆ, ಕಮಿಟಿ ದೋಣಿಯವರು ನಮಗೆ ಬೆನ್ನು ಹಾಕಿ ಮುಂದಿನವರನ್ನು ನೋಡುತ್ತಿದ್ದರು. ನಾವು ಅವರ ಹಿಂದಿನಿಂದ ದಾಟಿ ಹೋದದ್ದು ಅವರ ಗಮನಕ್ಕೇ ಬರಲಿಲ್ಲ.

ಎರಡನೇ ಸುತ್ತಿನಲ್ಲಿ ಗಾಳಿ ಬಿತ್ತು. ಸಮುದ್ರದ ಗಾಳಿ ಇನ್ನೇನು ಬರುತ್ತದೆ ಅಂತ ಎಲ್ಲ ದೋಣಿಗಳೂ ಆಚೆ ದೂರಕ್ಕೆ ಹೋಗಿ ಕಾಯುತ್ತಿದ್ದವು. ನಾನು ಸಿಕ್ಕು ಬಿದ್ದ ಹಗ್ಗ ಬಿಡಿಸುತ್ತಾ ತಲೆ ತಗ್ಗಿಸಿದ್ದೆ. ಎತ್ತಿ ನೋಡುತ್ತೇನೆ, ರಾಯರು ದೋಣಿಯನ್ನು ಬಂದರಿನ ಕಲ್ಲುಗೋಡೆಯ ಕಡೆ ತೇಲಿಸಿಕೊಂಡು ಹೋಗುತ್ತಿದ್ದಾರೆ. ಅಲ್ಲಿ ಯಾರೋ ಮೀನುಗಾರರು ಬಿಟ್ಟ ಕೆಂಪು ಡ್ರಮ್ಮೊಂದು ತೇಲುತ್ತಿತ್ತು. ಅದನ್ನೇ ಬೋಯ್ ಅಂದುಕೊಂಡಿದ್ದರು. ‘ಅದಲ್ಲ ರಾಯರೇ, ಡ್ರಮ್ಮು ಅದು’ ಅಂತ ನಾನು ಅನ್ನುತ್ತಿರುವಾಗಲೇ ಹಾಯಿ ಪಟ್ಟನೆ ಉಬ್ಬಿತು. ಅವತ್ತು ಗಾಳಿ ಬಂದದ್ದು ಆಚೆಯಿಂದಲ್ಲ, ಗೋಡೆಯ ಪಕ್ಕದಿಂದ. ಅಲ್ಲಿ ಇದ್ದವರು ನಾವಿಬ್ಬರೇ.

ಅಷ್ಟು ಜೋರಾಗಿ ನಮ್ಮ ದೋಣಿ ಯಾವತ್ತೂ ಓಡಿರಲಿಲ್ಲ. ಸರಿಯಾದ ಬೋಯ್ ತೋರಿಸಿದೆ, ಸುತ್ತಿದೆವು, ತಗುಲಲಿಲ್ಲ. ಕೊನೆಯದನ್ನೂ ಸುತ್ತಿದೆವು. ಮುಂದೆ ಕಮಿಟಿ ದೋಣಿ, ನಡುವೆ ಬರೀ ನೀರು. ‘ರಾಯರೇ, ನಮ್ಮ ಮುಂದೆ ಯಾರೂ ಇಲ್ಲ’ ಅಂದೆ.

ರಾಯರ ಮುಖ ಇಳಿಯಿತು. ‘ಹೌದಾ. ಎಲ್ರೂ ಮುಗಿಸಿ ಹೋಗಿ ಆಯ್ತಾ?’

‘ಇಲ್ಲ ರಾಯರೇ, ಎಲ್ಲರೂ ಹಿಂದಿದ್ದಾರೆ.’

ಅವರು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅತ್ತ ಕಮಿಟಿ ದೋಣಿಯಲ್ಲಿ ಆದದ್ದು ಇಷ್ಟು, ಆಮೇಲೆ ಕ್ಯಾಪ್ಟನ್ನೇ ತಲೆ ಚಚ್ಚಿಕೊಂಡು ಹೇಳಿದ್ದು. ಹಳದಿ ಹಾಯಿ ಬರುತ್ತಿರುವುದು ಕಂಡಿತು. ವರ್ಷಗಳ ಅಭ್ಯಾಸ, ಕೈ ತಾನಾಗಿ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದರೆ ಗೋಳಿಬಜೆಯ ಪರಿಮಳ. ಮೂವರೂ ಬಗ್ಗಿದರು. ಬಾಯಿಗಿಟ್ಟ ಮೇಲೆ ಕ್ಯಾಪ್ಟನ್‌ಗೆ ಹೊಳೆಯಿತು, ಬೇರೆ ಒಬ್ಬರೂ ಬಂದಿಲ್ಲವಲ್ಲ. ಹಾಗಾದರೆ ಹಳದಿಯವರದ್ದು ಇನ್ನೂ ಮೊದಲನೇ ಸುತ್ತೇ ಇರಬೇಕು. ಪಾಪ, ಇವತ್ತು ಕೊನೆಯ ದಿನ ಬೇರೆ.

ನಾವು ಗೆರೆ ದಾಟಿದೆವು. ಹಾರ್ನ್ ಬರಲಿಲ್ಲ. ಕ್ಯಾಪ್ಟನ್ ಕೆನ್ನೆ ಉಬ್ಬಿಸಿಕೊಂಡು, ಕೈಯಲ್ಲಿ ಗೋಳಿಬಜೆ ಹಿಡಿದು, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದರು. ಅದರಲ್ಲಿ ಪ್ರೀತಿಯೇ ಇತ್ತು.

‘ರಾಯರೇ, ಎರಡು ಆಯ್ತಲ್ಲ ನಮ್ಮದು?’

‘ಹಾರ್ನ್ ಬಂತಾ?’

‘ಇಲ್ಲ. ಇನ್ನೊಂದು ಸುತ್ತು ಅಂತಿದ್ದಾರೆ.’

‘ಮತ್ತೆ? ಅವರಿಗೆ ಗೊತ್ತಿಲ್ಲದೆ ಹೇಳ್ತಾರಾ? ನಮ್ಮ ಲೆಕ್ಕ ಯಾವಾಗ ಸರಿ ಇತ್ತು ಮಾರಾಯ್ರೆ’ ಅಂದರು ರಾಯರು.

ಇಷ್ಟು ವರ್ಷ ಸೋತವರಿಗೆ ಗೆದ್ದದ್ದು ಗೊತ್ತಾಗುವುದು ಹೇಗೆ? ಇಬ್ಬರೂ ಸೇರಿ ದೋಣಿ ತಿರುಗಿಸಿ ಮೂರನೇ ಸುತ್ತಿಗೆ ಹೋದೆವು. ನಮ್ಮ ಹಿಂದೆ ಹಲ್ಲಿನ ಡಾಕ್ಟರು ಬಂದರು, ಹಾರ್ನ್ ಆಯಿತು. ಆಮೇಲೆ ಎಲ್ಲರೂ ಬಂದರು. ನಾವು ಬಿಸಿಲಿನಲ್ಲಿ ಒಂಟಿಯಾಗಿ ಎಲ್ಲ ಬೋಯ್‌ಗಳನ್ನೂ ಸುತ್ತಿ ಮತ್ತೆ ಬಂದಾಗ ಉದ್ದಕ್ಕೆ ಒಂದು ಹಾರ್ನ್ ಕೊಟ್ಟು, ಮೂವರೂ ಎದ್ದು ಚಪ್ಪಾಳೆ ತಟ್ಟಿದರು. ರಾಯರು ಕಣ್ಣು ಕಿರಿದು ಮಾಡಿ ಕೈ ಬೀಸಿದರು.

ದಡಕ್ಕೆ ಬಂದು ದೋಣಿ ಎಳೆಯುತ್ತಿದ್ದಾಗ ಡಾಕ್ಟರು ಹತ್ತಿರ ಬಂದರು. ‘ಮೊದಲನೇ ಸುತ್ತಿನಲ್ಲೇ ಇಷ್ಟು ಹಿಂದೆ ಹೇಗೆ ಬಿದ್ದಿರಿ? ನಾನು ಮುಗಿಸುವಾಗ ನೀವು ಎರಡನೇದಕ್ಕೆ ಹೋಗ್ತಾ ಇದ್ದಿರಿ.’

‘ಮೂರನೇದಕ್ಕೆ’ ಅಂದೆ.

ಅಲ್ಲಿಗೆ ಎಲ್ಲ ಬಿಚ್ಚಿಕೊಂಡಿತು. ಕ್ಯಾಪ್ಟನ್ ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತುಬಿಟ್ಟರು. ‘ಅಯ್ಯಯ್ಯೋ, ಎಂಥ ಕೆಲಸ ಆಗೋಯ್ತು ಸಾರ್’ ಅಂತ ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲೇ ಒದ್ದಾಡಿದರು. ಆದರೆ ನಿಷ್ಠುರದ ಮನುಷ್ಯ. ಕಮಿಟಿ ನೋಡಿಲ್ಲ, ಪಂದ್ಯದಲ್ಲಿ ಇರದ ಯಾರಾದರೂ ಒಬ್ಬರು ನೋಡಿದ್ದೇನೆ ಅಂದರೆ ಸಾಕು, ಕಪ್ ನಿಮ್ಮದೇ ಅಂದರು. ಕ್ಲಬ್ಬಿನ ವರಾಂಡದಲ್ಲಿ ನಿಂತು ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಎಲ್ಲರನ್ನೂ ಕೇಳಿದರು, ಹಳದಿ ಹಾಯಿ ಡಾಕ್ಟರಿಗಿಂತ ಮೊದಲು ಗೆರೆ ದಾಟಿದ್ದನ್ನು ಕಂಡವರು ಇದ್ದೀರಾ. ಒಬ್ಬರು ಪೇಪರ್ ಓದುತ್ತಿದ್ದರಂತೆ, ಇನ್ನೊಬ್ಬರು ಫೋನಿನಲ್ಲಿದ್ದರಂತೆ. ಹಳದಿ ಹಾಯಿಯನ್ನು ಮೊದಲಿಗೆ ಹುಡುಕುವವರು ಯಾರು? ಅಕ್ಕ ಅಲ್ಲಿರಲಿಲ್ಲ. ಹಿಂದುಗಡೆ ನಲ್ಲಿಯ ಹತ್ತಿರ ಖಾಲಿ ಡಬ್ಬಿ ತೊಳೆಯುತ್ತಿದ್ದರು.

ಕಪ್ ಡಾಕ್ಟರಿಗೆ ಹೋಯಿತು. ಅವರು ಅದನ್ನು ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡರು. ರಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಾವು ಹೊರಡುವಾಗ ಕ್ಯಾಪ್ಟನ್ ರಾಯರ ಎರಡೂ ಕೈ ಹಿಡಿದುಕೊಂಡು ನಿಂತರೆ, ‘ಬಿಡಿ ಕ್ಯಾಪ್ಟನ್, ಗೋಳಿಬಜೆ ಹೇಗಿತ್ತು ಅದು ಹೇಳಿ’ ಅಂತ ರಾಯರೇ ಸಮಾಧಾನ ಮಾಡಿದರು.

ಮೂವರೂ ಕಾರಿನಲ್ಲಿ ವಾಪಸ್ ಹೊರಟೆವು. ಬಂದರಿನ ಗೇಟು ದಾಟಿತು, ಪ್ಯಾರೀಸ್ ಕಾರ್ನರ್ ದಾಟಿತು. ಮುಂದಿನ ಸೀಟಿನಲ್ಲಿ ರಾಯರು ಹೊರಗೆ ನೋಡುತ್ತಾ ಕೂತಿದ್ದರು. ನನಗೆ ಅಳು ಬರುವ ಹಾಗಾಗಿತ್ತು, ಇಷ್ಟು ವಯಸ್ಸಾದ ಮೇಲೆ ಇದೇನು ಅಂತ ಸುಮ್ಮನೆ ಗೇರ್ ಬದಲಾಯಿಸುತ್ತಿದ್ದೆ. ಅವರ ಮನೆಯ ಬೀದಿಗೆ ತಿರುಗುವಾಗ, ಹಿಂದಿನ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದ ಅಕ್ಕ ಮೆಲ್ಲಗೆ ಕೇಳಿದರು.

‘ಅಲ್ಲ, ಮೊದಲು ಬಂದವರು ನೀವು. ಆ ಕಪ್ ಯಾಕೆ ಅವರಿಗೆ ಕೊಟ್ಟದ್ದು?’

ನಾನು ಬ್ರೇಕ್ ಒತ್ತಿದೆ. ಹಿಂದಿನ ಆಟೋದವನು ಬೈದುಕೊಂಡು ಹೋದ. ರಾಯರು ಇಡೀ ಮೈ ತಿರುಗಿಸಿ ಹಿಂದಕ್ಕೆ ನೋಡಿದರು.

‘ನೀನು ಕಂಡಿದ್ದಿಯಾ?’

‘ಕಂಡೆ. ಹಳದಿ ಅಲ್ವ, ದೂರದಿಂದಲೇ ಗೊತ್ತಾಗ್ತದೆ. ನಿಮ್ಮ ಹಿಂದೆ ಮುಂದೆ ಯಾರೂ ಇರ್ಲಿಲ್ಲ.’

‘ಮತ್ತೆ ನಾವು ತಿರುಗಿ ಹೋಗುವಾಗ ಒಂದು ಕೂಗು ಹಾಕ್ಲಿಕ್ಕೆ ಏನಾಗಿತ್ತು ನಿಂಗೆ?’

‘ಕೂಗುದೆಂತಕ್ಕೆ?’ ಅಂದರು ಅಕ್ಕ. ‘ನೀವು ಯಾವತ್ತು ಒಂದೇ ಸಲಕ್ಕೆ ಬಂದು ಮುಟ್ಟಿದ್ದುಂಟು? ಏನೋ ಮರೆತು ಬಂದಿರ್ಬೇಕು, ತರ್ಲಿಕ್ಕೆ ಹೋದದ್ದು ಅಂತ ಅಂದ್ಕೊಂಡೆ.’